ಅಮ್ಮನ ಬಸ್ಸಿಗೆ ಬಿಳಿ ಬಣ್ಣ

‘ಖಾಸಗಿ ಬಸ್ಸೊಂದು ಹಳ್ಳಕ್ಕೆ ಉರುಳಿ’ ಎಂದು ಪತ್ರಿಕೆಯಲ್ಲಿ ಓದಿ, ಅಯ್ಯೋ ಪಾಪ ಅಂದು ಪುಟ ಮಗುಚುತ್ತೇವೆ. ಆ ಬಸ್ಸಿಗೆ ಹೆಸರಿರಲಿಲ್ಲವೇ? ಹಿಂದಿನ ದಿನದವರೆಗೂ ಇತ್ತು, ರಸ್ತೆಯ ಆ ತುದಿಯಿಂದಲೇ ಕಾಣುವಷ್ಟು ದಪ್ಪಗೆ. ಅದು ಎಲ್ಲಿ ಹೋಯಿತೆಂದು ಗೊತ್ತಿದ್ದವನು ಒಬ್ಬ ಪೇಂಟರ್.

ಡಿಪೋದವರೆಲ್ಲ ಅವನನ್ನು ಪೇಂಟ್ರಣ್ಣ ಎನ್ನುತ್ತಿದ್ದರು. ಧಣಿ ತೀರಿಹೋದ ತನ್ನ ತಾಯಿಯ ಹೆಸರನ್ನೇ ಕಂಪನಿಗೆ ಇಟ್ಟಿದ್ದರಿಂದ ಜನರ ಬಾಯಲ್ಲಿ ಅದು ‘ಅಮ್ಮನ ಬಸ್ಸು’ ಆಗಿತ್ತು. ಆ ಹೆಸರನ್ನು ಪ್ರತಿ ಬಸ್ಸಿನ ಎರಡು ಪಕ್ಕಕ್ಕೂ ಬೆನ್ನಿಗೂ ಬರೆಯುವುದು ಪೇಂಟ್ರಣ್ಣನ ಕೆಲಸ. ಕೆಂಪು ಅಕ್ಷರ, ಅದರ ಮಗ್ಗುಲಿಗೆ ಹಳದಿ ನೆರಳು. ಓದು ಬಾರದವರೂ ಆ ಕೆಂಪು ಕಂಡೊಡನೆ ಚೀಲ ಎತ್ತಿಕೊಂಡು ಏಳುತ್ತಿದ್ದರು. ಪೇಂಟ್ರಣ್ಣನಂತೂ ಸಂತೆಗೋ ಆಸ್ಪತ್ರೆಗೋ ಹೆಂಡತಿಯ ಜೊತೆ ಹೊರಟಾಗಲೂ, ಎದುರಿಗೆ ತಾನು ಬರೆದ ಬಸ್ಸು ಬಂದರೆ ನೋಡುತ್ತ ನಿಂತುಬಿಡುವನು.

“ನನ್ನ ಮುಖಾನ ಅಷ್ಟು ಹೊತ್ತು ನೋಡಿದ್ದೀರಾ ಯಾವತ್ತಾದ್ರೂ?” ಅವಳು ಕೇಳುವಳು.

“ನಿನಗೆ ಬಣ್ಣ ಹಚ್ಚೋ ಕೆಲಸ ಇಲ್ವಲ್ಲೇ,” ಎಂದು ಅವನು ನಗುವನು.

ಅವನಿಗೆ ಇನ್ನೊಂದು ಕೆಲಸವೂ ಇತ್ತು. ಅದರ ಬಗ್ಗೆ ಮನೆಯಲ್ಲಿ ಮಾತಾಡುತ್ತಿರಲಿಲ್ಲ. ಕಂಪನಿಯ ಬಸ್ಸು ಎಲ್ಲಾದರೂ ಮಗುಚಿದರೆ, ಗುದ್ದಿಕೊಂಡರೆ, ಮ್ಯಾನೇಜರ್ ಜೀಪಿನ ಡ್ರೈವರನ್ನು ಎಬ್ಬಿಸಿ, ಪೇಂಟ್ರಣ್ಣನನ್ನು ಕೂರಿಸಿಕೊಂಡು ಅಲ್ಲಿಗೆ ಓಡುತ್ತಿದ್ದ. ಬಿಳಿ ಬಣ್ಣದ ಡಬ್ಬಿ, ಅಗಲದ ಬ್ರಷ್ಷು, ಸೀಮೆಎಣ್ಣೆ ಬಾಟಲಿ ಜೀಪಿನ ಹಿಂದೆ ಸದಾ ಸಿದ್ಧ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮಾತ್ರ ಆ ಜೀಪಿನಲ್ಲಿ ಯಾರೂ ಕಂಡಿರಲಿಲ್ಲ. “ಪೊಲೀಸಿಗಿಂತ ಮುಂಚೆ ನಮ್ಮ ಪೇಂಟ್ರಣ್ಣ ಹಾಜರು,” ಎಂದು ಮೆಕ್ಯಾನಿಕ್ ಚುಚ್ಚುತ್ತಿದ್ದ. ಪತ್ರಿಕೆಯವರ ಕ್ಯಾಮೆರಾ ಬರುವುದರೊಳಗೆ ಹೆಸರು ಮಾಯವಾಗಬೇಕು. ಮರುದಿನ ಬೆಳಗಿನ ಸೀಟು ತುಂಬಬೇಕಲ್ಲ.

ಹೆಸರು ಹೋದರೆ ಪ್ರಶ್ನೆಗಳೂ ಹೋಗುತ್ತವೆ. ಟೈರು ಬೋಳಾಗಿತ್ತೇ, ಡ್ರೈವರ್ ನಿದ್ದೆ ಮಾಡಿ ಎಷ್ಟು ಹೊತ್ತಾಗಿತ್ತು ಎಂದು ಯಾರನ್ನು ಹಿಡಿದು ಕೇಳುವುದು? ‘ಖಾಸಗಿ ಬಸ್ಸೊಂದು’ ಎಂಬುವವರ ಮನೆ ಬಾಗಿಲು ಯಾವ ಬೀದಿಯಲ್ಲಿದೆ? ನಾಲ್ಕು ದಿನ ಕಳೆದರೆ ಅದೇ ಬಸ್ಸು ತಗಡು ಬಡಿಸಿಕೊಂಡು ಬರುತ್ತಿತ್ತು, ಅದೇ ಟೈರಿನಲ್ಲಿ. ಪೇಂಟ್ರಣ್ಣ ಮತ್ತೆ ಕೆಂಪು ಡಬ್ಬಿ ತೆರೆಯುತ್ತಿದ್ದ. ಸತ್ತವರ ಮುಖದ ಮೇಲೆ ಬಟ್ಟೆ ಎಳೆಯುವುದಿಲ್ಲವೇ, ಇದೂ ಹಾಗೆಯೇ ಒಂದು ಮರ್ಯಾದೆ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ. ಡಿಪೋದ ಹಿಂದಿನ ಎರಡು ಕೋಣೆಯ ಮನೆ ಕಂಪನಿಯದು. ಒಗೆದ ಬಟ್ಟೆಗೆಲ್ಲ ಡೀಸೆಲ್ ವಾಸನೆ ಹೊಡೆದರೂ ಅದು ತಲೆಯ ಮೇಲಿನ ಸೂರು. ಹಾಗಾಗಿ ಆ ಮಾತನ್ನು ಅವನು ನಂಬಲೇಬೇಕಿತ್ತು.

ಒಂದು ಬೆಳಿಗ್ಗೆ ಅಮ್ಮನ ಬಸ್ಸೊಂದು ತಿರುವಿನಲ್ಲಿ ಜಾರಿ, ಮೂತಿಯನ್ನು ಚರಂಡಿಗೆ ಕೊಟ್ಟು, ವಾಲಿಕೊಂಡು ನಿಂತಿತ್ತು. ಗಾಯಾಳುಗಳನ್ನು ದಾರಿಹೋಕರೇ ಆಸ್ಪತ್ರೆಗೆ ಒಯ್ದಿದ್ದರು. ಒಡೆದ ಗಾಜಿನ ಮೇಲೆ ನಿಂತು ಪೇಂಟ್ರಣ್ಣ ಬ್ರಷ್ಷು ಅದ್ದಿದ. ಬೆನ್ನು ಮುಗಿಯಿತು, ಒಂದು ಪಕ್ಕ ಮುಗಿಯಿತು. ರಸ್ತೆಯ ಕಡೆಯ ಪಕ್ಕದ ಕೊನೆಯ ಅಕ್ಷರವನ್ನೂ ಮುಚ್ಚಿ ಬ್ರಷ್ಷು ಇಳಿಸುತ್ತಿರುವಾಗ ಹಿಂದಿನಿಂದ ಏದುಸಿರು ಕೇಳಿತು. ವಯಸ್ಸಾದ ಹೆಂಗಸು, ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಫೋನು. ಮುಂದಿನ ಸ್ಟಾಪಿನಿಂದ ಓಡಿಬಂದಿದ್ದಳು.

“ಇದು ಯಾವ ಬಸ್ಸಪ್ಪಾ?”

ಮ್ಯಾನೇಜರ್ ಅತ್ತ ಫೋನಿನಲ್ಲಿದ್ದ, ಆದರೆ ಕಣ್ಣು ಇತ್ತಲೇ ಇತ್ತು.

“ಗೊತ್ತಿಲ್ಲಮ್ಮ,” ಅಂದ ಪೇಂಟ್ರಣ್ಣ.

ಅವಳು ಬಸ್ಸನ್ನು ಮೂತಿಯಿಂದ ಬಾಲದವರೆಗೆ ನೋಡಿದಳು. “ನನ್ನ ಮಗಳು ಅಮ್ಮನ ಬಸ್ಸಲ್ಲಿ ಬರ್ತಾ ಇದಾಳೆ. ಫೋನ್ ಎತ್ತುತಾ ಇಲ್ಲ. ಬಸ್ ಹತ್ತಿದ್ರೆ ಸಾಕು ನಿದ್ದೆ, ಅವಳನ್ನ ಕಂಡಕ್ಟರೇ ಅಲುಗಾಡಿಸಿ ಎಬ್ಬಿಸಬೇಕು.” ಚಪ್ಪಲಿಯನ್ನು ನೆಲಕ್ಕೆ ಹಾಕಿ ಮೆಟ್ಟಿಕೊಂಡಳು. “ಅದಕ್ಕೆ ಕೆಂಪಕ್ಷರ ಇರುತ್ತೆ. ಇದು ಬೇರೆ. ಸದ್ಯ, ಹೋದ ಜೀವ ಬಂತು.” ನಾಲ್ಕು ಹೆಜ್ಜೆ ಹೋದವಳು ತಿರುಗಿದಳು. “ಪಾಪ, ಯಾರ ಮನೆ ಮಕ್ಕಳು ಇದ್ರೋ ಇದರಲ್ಲಿ.”

ಸ್ಟಾಪಿನ ಕಲ್ಲುಬೆಂಚಿನ ಮೇಲೆ ಹೋಗಿ ಕೂತಳು. ಬರಬೇಕಾದ ಬಸ್ಸಿಗೆ ಕತ್ತು ನೀಡಿ ಕಾಯತೊಡಗಿದಳು.

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆ ‘ಸದ್ಯ’ ತಡೆದುಕೊಳ್ಳಲು ಆಗಲಿಲ್ಲ. ಒಬ್ಬ ತಾಯಿಗೆ ಸುಳ್ಳು ನೆಮ್ಮದಿ ಕೊಟ್ಟು ಬೆಂಚಿನ ಮೇಲೆ ಕೂರಿಸಿದ್ದು ತನ್ನ ಕೈ. ಅತ್ತ ಆಸ್ಪತ್ರೆಯಲ್ಲಿ ಮಗಳು ಯಾವ ಸ್ಥಿತಿಯಲ್ಲಿದ್ದಾಳೋ, ಇತ್ತ ಇವಳು ಸಂಜೆಯವರೆಗೂ ಕೂತಿರುವಳು. ಮುಖಕ್ಕೆ ಎಳೆದ ಬಟ್ಟೆ, ಮರ್ಯಾದೆ, ಇಷ್ಟು ದಿನ ಕಟ್ಟಿಕೊಂಡಿದ್ದ ಮಾತೆಲ್ಲ ಅಲ್ಲೇ ಕುಸಿಯಿತು.

ಅವನು ಬಟ್ಟೆಯ ಚೂರಿಗೆ ಸೀಮೆಎಣ್ಣೆ ಸುರಿದು ಒರೆಸತೊಡಗಿದ. ಹಸಿ ಬಿಳಿ ಎದ್ದು ಬಂತು. ಒಣಗಿ ಕಲ್ಲಾಗಿದ್ದ ಕೆಂಪು ಕದಲಲಿಲ್ಲ. ಒಂದೊಂದೇ ಅಕ್ಷರ ಹೊರಗೆ ಬಂತು.

ಮ್ಯಾನೇಜರ್ ಓಡಿಬಂದ. “ತಲೆ ಕೆಟ್ಟಿದೆಯಾ ನಿಂಗೆ?”

“ಆ ಯಮ್ಮ ಈ ಬಸ್ಸಿಗೇ ಕಾಯ್ತಾ ಕೂತಿದೆ ಸಾರ್.”

“ಆಸ್ಪತ್ರೆಯವರು ಹೇಳ್ತಾರೆ ಬಿಡೋ. ನಿಂಗ್ಯಾಕೆ ಊರ ಉಸಾಬರಿ?”

“ಯಾವ ಬಸ್ಸು ಅಂತ ಗೊತ್ತಿದ್ರೆ ತಾನೇ ಆಸ್ಪತ್ರೆಗೆ ಹೋಗೋದು?”

“ಧಣಿ ತಾಯಿ ಹೆಸರು ಕಣೋ ಅದು. ಇಂಥ ಕಡೆ ಕಾಣಬಾರದು.”

“ಆ ತಾಯಿ ಇದ್ದಿದ್ರೆ ಆ ಬೆಂಚ್ ಹತ್ರ ಅವರೇ ಹೋಗಿರೋರು.”

“ಸಂಜೆಯೊಳಗೆ ಮನೆ ಖಾಲಿ ಮಾಡ್ತೀಯ, ನೆನಪಿಟ್ಕೋ.”

ಪೇಂಟ್ರಣ್ಣ ಕೊನೆಯ ಅಕ್ಷರದ ಹಳದಿ ನೆರಳಿನ ಮೇಲಿದ್ದ ಬಿಳಿಯನ್ನೂ ಒರೆಸಿದ. ಆಮೇಲೆ ಜೀಪಿನ ಡ್ರೈವರನ್ನು ನೋಡಿದ. ಡ್ರೈವರ್ ಮ್ಯಾನೇಜರನ ಕಡೆ ನೋಡದೆ ಗಾಡಿ ಶುರು ಮಾಡಿದ.

ಸ್ಟಾಪಿನಲ್ಲಿ ಇಳಿದು ಅವಳ ಮುಂದೆ ನಿಂತ. ಬಸ್ಸಿನ ಕಡೆ ಕೈ ತೋರಿಸಿದ. ವಾಲಿದ ಪಕ್ಕದಲ್ಲಿ ಕೆಂಪು ಅಷ್ಟು ದೂರಕ್ಕೂ ಕಾಣುತ್ತಿತ್ತು. ಅವನು ಬರೆಯುತ್ತಿದ್ದದ್ದೇ ಹಾಗೆ. ಅವಳು ಜೀಪು ಹತ್ತಿದಳು.

ಮಗಳು ಬದುಕಿದ್ದಳು. ಕಾಲು ಜಜ್ಜಿಹೋಗಿತ್ತು. ಆಪರೇಷನ್ ಕೋಣೆಗೆ ತಳ್ಳಿಕೊಂಡು ಹೊರಟಿದ್ದ ಗಾಲಿಮಂಚವನ್ನು ನರ್ಸು ತುಸು ಹೊತ್ತು ತಡೆದಳು. “ಆಗಿಂದ ನಿಮ್ಮನ್ನೇ ಕೇಳ್ತಿದಾಳೆ. ಎಲ್ಲಿ ಹೋಗಿದ್ರಿ?” ತಾಯಿ ಮಗಳ ಹಣೆ ಸವರಿದಳು. ಬಾಗಿಲು ಮುಚ್ಚಿಕೊಂಡ ಮೇಲೆ ತಿರುಗಿ, ಗೋಡೆಗೆ ಒರಗಿ ನಿಂತಿದ್ದ ಪೇಂಟ್ರಣ್ಣನ ಕೈ ನೋಡಿದಳು. ಉಗುರಿನ ಸಂದಿಯಲ್ಲೆಲ್ಲ ಬಿಳಿ.

“ಗೊತ್ತಿಲ್ಲ ಅಂದ್ಯಲ್ಲಪ್ಪಾ.”

ಅವನು ತಲೆ ತಗ್ಗಿಸಿದ. ಅವಳು ಕ್ಷಮಿಸಿದೆ ಅನ್ನಲಿಲ್ಲ. ಯಾಕೆ ಅನ್ನಬೇಕು?

ಮರುದಿನ ಹೆಂಡತಿಯ ಅಣ್ಣನ ಮನೆಯ ಜಗಲಿಯಲ್ಲಿ ಪಾತ್ರೆ ಗಂಟು, ಹಾಸಿಗೆ ಸುರುಳಿಗಳ ನಡುವೆ ಅವನು ಕೂತಿದ್ದ. ಹೆಂಡತಿ ಪತ್ರಿಕೆ ಹಿಡಿದು ತಂದಳು. ಚಿತ್ರದಲ್ಲಿ ವಾಲಿದ ಬಸ್ಸು, ಪಕ್ಕಕ್ಕೆ ಬಿಳಿಯ ಪಟ್ಟಿ. ಅವನು ಹೊರಟ ಮೇಲೆ, ಬ್ರಷ್ಷು ಹಿಡಿದು ಗೊತ್ತಿಲ್ಲದ ಯಾರೋ ಅಡ್ಡಾದಿಡ್ಡಿ ಬಳಿದಿದ್ದರು.

“‘ಖಾಸಗಿ ಬಸ್ಸೊಂದು’ ಅಂತ ಹಾಕಿದಾರೆ ರೀ.”

“ಅಮ್ಮನ ಬಸ್ಸು ಅಂತ ಓದು,” ಅಂದ ಅವನು. “ಗಟ್ಟಿಯಾಗಿ ಓದು, ಬೀದಿಯವರಿಗೂ ಕೇಳಲಿ.”