ಮನೆ ದಾಟದ ಅಳು

ಬನಹಟ್ಟಿಯ ನಮ್ಮ ಮನೆಯಲ್ಲಿ ಪವರ್‌ಲೂಮ್‌ಗಳು ಓಡತೊಡಗಿದರೆ ಬಾಗಿಲಿಗೆ ಸಿಡಿಲು ಬಡಿದರೂ ಗೊತ್ತಾಗುವುದಿಲ್ಲ. ಬಾಣಂತನ ಮುಗಿಸಿ ನಾನು ಮತ್ತೆ ಮಗ್ಗಕ್ಕೆ ನಿಂತಾಗ ಮಗಳನ್ನು ಒಳಕೋಣೆಯ ತೊಟ್ಟಿಲಲ್ಲಿ ಹಾಕಿ, ಪಕ್ಕದಲ್ಲಿ ಅತ್ತೆಯನ್ನು ಕೂಡಿಸಿದ್ದೆ. ಜೀವಮಾನವೆಲ್ಲ ಮಗ್ಗದ ಸದ್ದಿನಲ್ಲೇ ಕಳೆದ ಅವರಿಗೆ ಕಿವಿ ಪೂರಾ ಮಂದ. ಒಂದು ಮಧ್ಯಾಹ್ನ ಕರೆಂಟು ಹೋಗಿ ಮಗ್ಗಗಳು ನಿಂತಾಗ ಅಳು ಕೇಳಿಸಿತು. ಓಡಿಹೋದರೆ, ಅತ್ತು ಅತ್ತು ಕೂಸಿನ ದನಿಯೇ ಬಿದ್ದಿದೆ. ಅತ್ತೆ ಬೆನ್ನು ತಿರುಗಿಸಿ ಬೇಳೆ ಹಸನು ಮಾಡುತ್ತ ಕುಳಿತಿದ್ದಾರೆ.

"ನನ್ನ ಕಡೆ ಕೂಸು ಬಿಡಬ್ಯಾಡ ಬೇ. ನಾ ಇದ್ದೂ ಇಲ್ಲದಂಗ," ಎಂದು ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಸಿಟ್ಟಿನಲ್ಲಿ ಬಂದಿದ್ದ ನಾನು ಕೂಸನ್ನೆತ್ತಿಕೊಂಡು ಅವರ ಪಕ್ಕದಲ್ಲೇ ಕುಳಿತೆ.

ಗಂಡ ಕ್ಯಾಮೆರಾ ತರುತ್ತೇನೆಂದರು. ಮೊಬೈಲಿನಲ್ಲೇ ಎಲ್ಲ ಕಾಣುತ್ತದಂತೆ, ಚಿತ್ರ ಯಾವುದೋ ಕಂಪನಿಯ ಕಂಪ್ಯೂಟರಿಗೆ ಹೋಗಿ ಬರುತ್ತದಂತೆ.

"ನಾ ಅಲ್ಲೇ ಕೂಸಿಗೆ ಹಾಲು ಕುಡಸ್ತೇನಿ. ಅದನ್ನ ಯಾವ ಊರಿನಾವ ಕುಂತು ನೋಡ್ಬೇಕಂತ ಮಾಡೀರಿ?" ಎಂದೆ. ಅವರು ಕ್ಯಾಮೆರಾ ತರುವುದನ್ನು ಕೈಬಿಟ್ಟರು.

ಮುಧೋಳದಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿರುವ ನನ್ನ ಅಣ್ಣನಿಗೆ ಇಂಥ ಯಂತ್ರಗಳನ್ನು ತಾನೇ ಮಾಡುವ ಹುಚ್ಚು. ಸಾಬೂನು ಡಬ್ಬಿಯಷ್ಟು ಪೆಟ್ಟಿಗೆಯೊಂದನ್ನು ತಂದು ತೊಟ್ಟಿಲ ಹತ್ತಿರದ ಗೋಡೆಗೆ ಮೊಳೆ ಹೊಡೆದು ಕೂಡಿಸಿದ. ಕೂಸು ಅತ್ತರೆ ಅದಕ್ಕೆ ಮಗ್ಗದ ಸದ್ದಿನಲ್ಲೂ ಕೇಳಿಸಿ, ಅತ್ತೆಯ ಎದುರಿಗೂ ನನ್ನ ಮಗ್ಗದ ಮೇಲೂ ಕೆಂಪು ಬಲ್ಬು ಹತ್ತುತ್ತದೆ.

"ಗ್ವಾಡಿಗೂ ಕಿವಿ ಇರ್ತಾವ ಅಂತಾರ, ನೀ ಖರೇನ ಹಚ್ಚಿದೆಲ್ಲೋ!" ಎಂದೆ.

"ಕಿವಿ ಐತಿ, ಬಾಯಿಲ್ಲ. ಇದಕ್ಕ ಇಂಟರ್ನೆಟ್ಟ ಕೊಟ್ಟಿಲ್ಲ. ಕೇಳಿದ್ದು ಹೊಸ್ತಲಾ ದಾಟೂದಿಲ್ಲ," ಎಂದು ನಕ್ಕ.

ಮೊದಮೊದಲು ಅದರದೇ ಒಂದು ಗೋಳು. ನೆರೆಮನೆಯ ಆಡು ಒದರಿದರೂ ಬಲ್ಬು! ಮಗ್ಗ ನಿಲ್ಲಿಸಿ ಓಡಿದರೆ ಕೂಸು ಹಾಯಾಗಿ ನಿದ್ದೆಯಲ್ಲಿರುತ್ತಿತ್ತು. "ಇದರ ಹೆಣಾ ಎತ್ತಲಿ!" ಎಂದು ಆಡನ್ನೂ ಪೆಟ್ಟಿಗೆಯನ್ನೂ ಸೇರಿಸಿ ಬೈದೆ. ಕಂಪನಿಯದಾಗಿದ್ದರೆ ಇಂಟರ್ನೆಟ್ಟಿನಿಂದಲೇ ಸರಿಯಾಗುತ್ತಿತ್ತೇನೋ. ಇದಕ್ಕೆ ಪ್ರತಿ ಸಲವೂ ಅಣ್ಣನೇ ಮುಧೋಳದ ಬಸ್ಸು ಹತ್ತಿ ಬರಬೇಕು. ಎರಡು ಮೂರು ಸಲ ಬಂದು ತಿದ್ದಿದ ಮೇಲೆ ಅದಕ್ಕೆ ಆಡೂ ಕೂಸೂ ಬೇರೆ ಎಂದು ತಿಳಿಯಿತು.

ಮೊನ್ನೆ ಮಗ್ಗದ ಸಾಮಾನಿಗೆಂದು ಗಂಡನೊಡನೆ ಜಮಖಂಡಿಗೆ ಹೋದೆ. ಕೂಸನ್ನು ಅತ್ತೆಯೊಬ್ಬರ ಮೇಲೆ ಬಿಟ್ಟದ್ದು ಅದೇ ಮೊದಲು. ಪೇಟೆಯಲ್ಲಿ ನನ್ನ ಜೀವ ನಿಲ್ಲಲೊಲ್ಲದು. ಫೋನ್ ಮಾಡಿದರೆ ಅತ್ತೆಗೆ ಕೇಳಿಸದು, ಮಗ್ಗ ನಡೆಸುವ ಕೆಲಸದವರಿಗೂ ಆ ಸದ್ದಿನಲ್ಲಿ ಕೇಳಿಸದು.

"ಕ್ಯಾಮೆರಾ ಇದ್ದಿದ್ರ ಇಲ್ಲಿಂದನ ನೋಡಬಹುದಿತ್ತು," ಎಂದರು ಗಂಡ. ಖರೆ ಮಾತು. ಸಿಕ್ಕ ಬಸ್ಸು ಹತ್ತಿದೆ.

ಮನೆ ಹೊಕ್ಕಾಗ ಮಗ್ಗಗಳು ಭೋರೆನ್ನುತ್ತಿದ್ದವು. ಒಳಗೆ ಓಡಿದೆ. ಅದೇ ತಾನೇ ಕೆಂಪು ಬಲ್ಬು ಹತ್ತಿತ್ತು. ನಾನು ತೊಟ್ಟಿಲು ಮುಟ್ಟುವ ಮೊದಲೇ ಅತ್ತೆ ಎದ್ದು ಕೂಸನ್ನು ಎತ್ತಿ ಭುಜಕ್ಕೆ ಹಾಕಿಕೊಂಡಿದ್ದರು. ಮುಖದಲ್ಲಿ ಎಂಥ ಗೆಲುವು! ನಾನು ಕೈ ಚಾಚಿದೆ, ಅವರು ಕೊಡಲಿಲ್ಲ.

"ನಂಗ ಕೇಳಿಸ್ತು ಬೇ," ಎಂದರು. "ನೀ ಹೋಗಿ ಮಗ್ಗಕ್ಕ ನಿಂದರ. ಕೂಸು ನನ್ನ ಕಡೆ ಇರಲಿ."