ಅಂಗಿಯ ಪರಿಚಯ

ಹದಿನೆಂಟು ವರ್ಷದಿಂದ ಆ ಬೀದಿಯವರ ಬಟ್ಟೆಗೆಲ್ಲ ಇಸ್ತ್ರಿ ಮಾಡುವವನಿಗೆ ಮುಖಗಳಿಗಿಂತ ಅಂಗಿಗಳೇ ಹೆಚ್ಚು ಪರಿಚಯ. ಗಂಟು ತಂದುಕೊಟ್ಟು ಒಯ್ಯುವವರು ಆ ಮನೆಗಳ ಕಾವಲುಗಾರರು. ತೊಡುವವರನ್ನು ಅವನು ಕಂಡದ್ದೇ ಅಪರೂಪ. ಹೆಂಡತಿ ತೀರಿಕೊಂಡ ಮೇಲಂತೂ ಬಾಯಿಬಿಟ್ಟು ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ.

ಒಂದು ದಿನ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತದ್ದು ಅವನು ವಾರವಾರವೂ ಇಸ್ತ್ರಿ ಮಾಡುತ್ತಿದ್ದ ನೀಲಿ ಗೆರೆಯ ಅಂಗಿ. ಸವೆದ ಕಾಲರು, ಬೇರೆ ಬಣ್ಣದ ಎರಡನೆಯ ಗುಂಡಿ. ನೆಂಟರನ್ನು ಕಂಡಷ್ಟು ಹಿಗ್ಗಿ, "ಚೆನ್ನಾಗಿದೀರಾ ಸಾರ್? ಈ ಗುಂಡಿ ಹೊಲಿದಿದ್ದು ನಾನೇ!" ಎಂದು ಅದನ್ನು ಮುಟ್ಟಿಯೇಬಿಟ್ಟ.

"ಯಾರ್ರೀ ನೀವು? ಕೈ ತೆಗೀರಿ!" ಎಂದು ಆತ ಜೇಬು ಹಿಡಿದುಕೊಂಡು ಎದ್ದುಹೋದ. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು.

ವಾರದೊಳಗೆ ಅದೇ ಅಂಗಿ ಒಗೆಸಿಕೊಂಡು ಇಸ್ತ್ರಿಗೆ ಬಂತು. ನೀರು ಚಿಮುಕಿಸಿ, ಎಂದಿಗಿಂತ ಮೆತ್ತಗೆ ಪೆಟ್ಟಿಗೆ ಆಡಿಸಿದ.

"ನಿಂಗಾದ್ರೂ ನಾನ್ಯಾರು ಅಂತ ಗೊತ್ತಲ್ವೇನಪ್ಪಾ?" ಎಂದ.