ಹನ್ನೊಂದನೇ ಮೊರದ ಓದುಗಾರ್ತಿ

ಅಮರಗೋಳದ ಮಾರುಕಟ್ಟೆಯಲ್ಲಿ ಕಾಳು ಹಸನು ಮಾಡುವ ಈರವ್ವನ ಬಾಯಲ್ಲಿ ಎರಡು ಹಲ್ಲು ಇರಲಿಲ್ಲ. ಒಂದು ಮದುವೆಯಾದ ಮೂರನೇ ವರ್ಷ ಹೋಯಿತು, ಸಾರಿಗೆ ಉಪ್ಪು ಹೆಚ್ಚಾಯಿತೆಂದು. ಇನ್ನೊಂದು ಹೋದದ್ದು ಪುಸ್ತಕದ ಸಲುವಾಗಿ. ಕಾದಂಬರಿಯಲ್ಲಿ ಮುಳುಗಿ ಒಲೆಯ ಮೇಲಿನ ಹಾಲು ಉಕ್ಕಿದ್ದು ಅವಳಿಗೆ ಗೊತ್ತಾಗಿರಲಿಲ್ಲ. ಗಂಡ ಬೀರಲಿಂಗಪ್ಪ ಮೊದಲು ಪುಸ್ತಕವನ್ನು ಒಲೆಗೆ ಹಾಕಿದ, ಆಮೇಲೆ ಅವಳ ಕಡೆಗೆ ತಿರುಗಿದ. ಅವನು ಅದೇ ಮಾರುಕಟ್ಟೆಯಲ್ಲಿ ಹಮಾಲ, ಕ್ವಿಂಟಲ್ ಚೀಲ ಬೆನ್ನಿಗೇರಿಸಿಕೊಂಡು ಲಾರಿ ಹತ್ತುವ ಆಳು. ಅಂಥ ಕೈ ಹೆಂಗಸಿನ ಮೇಲೆ ಬಿದ್ದರೆ ಏನಾಗುತ್ತದೆಂದು ಓಣಿಗೆಲ್ಲ ಗೊತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಗೊತ್ತಿತ್ತು. ಗೊತ್ತಿದ್ದವರು ಬಾಗಿಲು ಹಾಕಿಕೊಂಡು ಟಿವಿಯ ದನಿ ಏರಿಸುತ್ತಿದ್ದರು. ಅವರೇನು ಕೆಟ್ಟ ಜನರಲ್ಲ, ಒಳ್ಳೆಯವರು ಮಾಡುವುದೂ ಇಷ್ಟೇ.

ಈರವ್ವ ಏಳನೇ ಇಯತ್ತೆವರೆಗೆ ಕಲಿತವಳು. ದಲಾಲಿ ಅಂಗಡಿಯ ಹಿಂದಿನ ಪತ್ರಾಸು ತಗಡಿನ ಶೆಡ್ಡಿನಲ್ಲಿ ಹನ್ನೆರಡು ಹೆಂಗಸರು ಕೂತು ಹೆಸರು, ಕಡಲೆ, ಅಲಸಂದಿ ಹಸನು ಮಾಡುತ್ತಿದ್ದರು. ಅವರಲ್ಲಿ ಅಕ್ಷರ ಕೂಡಿಸಿ ಓದಬಲ್ಲವಳು ಅವಳೊಬ್ಬಳೇ. ಅಂಗಡಿಯ ಹಳೇ ಗುಮಾಸ್ತ ಶಾಂತಯ್ಯ ರದ್ದಿಯವನ ಹತ್ತಿರ ದಪ್ಪ ದಪ್ಪ ಕಾದಂಬರಿಗಳನ್ನು ತೂಕಕ್ಕೆ ಹಾಕಿಸಿಕೊಂಡು ತಂದುಕೊಡುತ್ತಿದ್ದ. ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚಿ ಉಂಡಮೇಲೆ ಅರ್ಧ ತಾಸು ಈರವ್ವ ಗಟ್ಟಿಯಾಗಿ ಓದುತ್ತಿದ್ದಳು, ಉಳಿದವರು ಕೇಳುತ್ತಿದ್ದರು. ಬರೀ ಕೇಳುತ್ತಿರಲಿಲ್ಲ, ಜಗಳ ಕಾಯುತ್ತಿದ್ದರು. ಕಥೆಯೊಳಗಿನ ಅತ್ತೆಗೆ ಶಾಪ ಹಾಕುವರು, ಮಾತು ತಪ್ಪಿದ ಮೈದುನನಿಗೆ ಹೆಸರಿಟ್ಟು ಬೈಯುವರು. ಗೆಳತಿ ಶರಣವ್ವನಂತೂ ಬರೆದವನನ್ನೇ ಎದುರಿಗೆ ಕೂಡಿಸಿಕೊಂಡಂತೆ ತರಾಟೆಗೆ ತೆಗೆದುಕೊಳ್ಳುವಳು. ಓದುವಾಗ ಈರವ್ವನ ದನಿ ಬೇರೆಯೇ ಆಗುತ್ತಿತ್ತು. ಮನೆಯಲ್ಲಿ ಪಿಸುಗುಡುವ ಹೆಂಗಸು ಇಲ್ಲಿ ಶೆಡ್ಡಿನ ಆಚೆ ಲಾರಿಯ ತನಕ ಕೇಳಿಸುವಂತೆ ಓದುತ್ತಿದ್ದಳು. ಆ ಅರ್ಧ ತಾಸಿಗಾಗಿ ಅವಳು ಉಳಿದ ಇಪ್ಪತ್ಮೂರೂವರೆ ತಾಸು ಬದುಕುತ್ತಿದ್ದಳು ಎಂದರೆ ತಪ್ಪಾಗದು.

ಹೆಂಗಸರು ಮೊರಕ್ಕಾಗಿ ಕಚ್ಚಾಡಬಾರದೆಂದು ಅಂಗಡಿಯ ಸಾವಕಾರ ಒಂದೊಂದು ಮೊರದ ಬೆನ್ನಿಗೂ ಕೆಂಪು ಬಣ್ಣದಲ್ಲಿ ನಂಬರು ಬರೆಸಿದ್ದ. ಹೋಗುತ್ತ ಹೋಗುತ್ತ ನಂಬರೇ ಹೆಸರಾಯಿತು. ಶರಣವ್ವ ಏಳನೇದಾಕಿ, ಈರವ್ವ ಹನ್ನೊಂದನೇದಾಕಿ. ಹಮಾಲರೂ ಹಾಗೆಯೇ ಕರೆಯುತ್ತಿದ್ದರು. ಇಡೀ ಮಾರುಕಟ್ಟೆಯಲ್ಲಿ ಈರವ್ವ ಯಾರೆಂದು ಕೇಳಿದರೆ ತಲೆ ಕೆರೆದುಕೊಳ್ಳುವವರೂ ಹನ್ನೊಂದು ಎಂದರೆ ಬೆರಳು ಮಾಡಿ ತೋರಿಸುತ್ತಿದ್ದರು.

ಚಿನ್ಮಯೀ ಬಂದದ್ದು ಇಂಥ ಕಡೆಗೆ. ಧಾರವಾಡದಲ್ಲಿ ಅಧ್ಯಾಪಕಿ. ಮೂರು ತಲೆಮಾರಿನಿಂದ ಮಾಸ್ತರಿಕೆ ಮಾಡಿದ ಮನೆತನ. ಗೋಡೆಗೆ ತಂಬೂರಿ, ಅಟ್ಟದ ತನಕ ಪುಸ್ತಕ. ದೇಶದ ಸಾಹಿತ್ಯ ಸಂಸ್ಕೃತಿಯನ್ನು ಕಟ್ಟುವವರು ಬರೆಯುವವರೋ ಓದುವವರೋ ಎಂಬುದು ಅವಳ ಸಂಶೋಧನೆ. ಐದು ವರ್ಷ ಗ್ರಂಥಾಲಯಗಳ ದಾಖಲೆ ನೋಡಿ, ಓದುಗರ ಬಳಗಗಳ ಸಭೆಗಳಲ್ಲಿ ಚಹಾ ಕುಡಿದು ಬೇಸತ್ತವಳಿಗೆ ಯಾರೋ ಈ ಶೆಡ್ಡಿನ ಸುದ್ದಿ ಹೇಳಿದರು. ಒಂದು ದಿನ ನೋಡಿ ಹೋಗಲು ಬಂದವಳು ಎರಡು ತಿಂಗಳು ಬಂದಳು. ನೆಲದ ಮೇಲೆ ಕೂತಳು, ಅವರ ರೊಟ್ಟಿ ತಿಂದಳು, ಪುಂಡಿಪಲ್ಯಕ್ಕೆ ಬಾಯಿ ಚಪ್ಪರಿಸಿದಳು. ಅವಳು ಕೆಟ್ಟವಳಾಗಿದ್ದರೆ ಈ ಕಥೆ ಹೇಳುವುದು ಹಗುರಾಗುತ್ತಿತ್ತು.

"ನಿಮ್ಮ ಹೆಸರು ಎಲ್ಲೂ ಬರೂದಿಲ್ಲ ಈರಕ್ಕ," ಎಂದಳು ಚಿನ್ಮಯೀ, ರೆಕಾರ್ಡರ್ ಚಾಲೂ ಮಾಡುತ್ತ. "ಹೆಸರಿನ ಬದಲಿ ಮೊರದ ನಂಬರ್ ಹಾಕ್ತೇನಿ. ಯಾರು ಅಂತ ಯಾರಿಗೂ ತಿಳಿಯೂದಿಲ್ಲ. ಈಗ ಹೇಳ್ರಿ, ಓದಿದ್ದರಿಂದ ನಿಮಗ ಏನು ಸಿಗ್ತದ?"

ನಂಬರು ಎಂದಾಗ, ಇಲ್ಲಿ ಅದೇ ತಾನೇ ನನ್ನ ಹೆಸರು ಎಂದು ಈರವ್ವನಿಗೆ ಹೊಳೆಯಿತು. ಅಕ್ಕೋರು ಬರೆಯುವುದು ದೊಡ್ಡವರ ಪುಸ್ತಕಕ್ಕೆ, ಅದನ್ನು ಇಲ್ಲಿ ಯಾವನು ಓದುತ್ತಾನೆ ಎಂದುಕೊಂಡು ಸುಮ್ಮನಾದಳು. ಓದಿನ ಮೇಲೆ ಅಷ್ಟು ನಂಬಿಕೆಯಿದ್ದವಳು ಈ ತಪ್ಪು ಮಾಡಬಾರದಿತ್ತು. ಕೇಳಿದ್ದಕ್ಕೆ ಇದ್ದದ್ದನ್ನೇ ಹೇಳಿದಳು.

"ಅಂವ ಹೊಡೀವಾಗ ನಾ ಅಲ್ಲಿ ಇರೂದಿಲ್ರಿ ಅಕ್ಕೋರ. ನಾಳಿ ಓದೂ ಅಧ್ಯಾಯದಾಗ ಏನ ಆಗಬಹುದು ಅಂತ ನೆನಸಕೋಂತ ಇರತೇನಿ. ಅಂವ ಬರೇ ಮೈ ಹೊಡೀತಾನ."

ಚಿನ್ಮಯೀ ಕಣ್ಣೊರೆಸಿಕೊಂಡಳು. ಕಣ್ಣೊರೆಸಿಕೊಂಡು ಆ ಮಾತಿನ ಕೆಳಗೆ ಎರಡು ಗೆರೆ ಎಳೆದಳು.

ಆ ಮಾತು ದೊಡ್ಡವರ ಪುಸ್ತಕದಲ್ಲಿ ಬರುವ ಮೊದಲೇ ಭಾನುವಾರದ ಕನ್ನಡ ಪುರವಣಿಯಲ್ಲಿ ಬಂತು. ಸಂಪಾದಕರು ಕೇಳಿದರು, ಚಿನ್ಮಯೀ ಬರೆದುಕೊಟ್ಟಳು. ಅರ್ಧ ಪುಟದ ಲೇಖನ, ಹೆಸರು ಒಂದೂ ಇಲ್ಲ. ಆದರೆ ಅಮರಗೋಳ ಇತ್ತು, ಶೆಡ್ಡು ಇತ್ತು, ಏಳನೇ ಮೊರದವಳು ಹೀಗೆಂದಳು, ಹನ್ನೊಂದನೇ ಮೊರದವಳು ಹಾಗೆಂದಳು ಎಂದು ಎಲ್ಲವೂ ಇತ್ತು. ಶಾಂತಯ್ಯನಿಗೆ ಹಿಗ್ಗೋ ಹಿಗ್ಗು. ತಾನು ತಂದುಕೊಟ್ಟ ಪುಸ್ತಕಗಳ ಸುದ್ದಿ ಪೇಪರಿಗೆ ಬಂದಿದೆ. ಸೋಮವಾರ ಮಧ್ಯಾಹ್ನ ಚಹಾದ ಅಂಗಡಿಯಲ್ಲಿ ಹಮಾಲರನ್ನೆಲ್ಲ ಕೂಡಿಸಿ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದ. ಓದುವ ಭರದಲ್ಲಿ ಏನು ಓದುತ್ತಿದ್ದೇನೆಂದು ಅವನಿಗೆ ತಿಳಿದದ್ದು ಹನ್ನೊಂದನೇ ಮೊರದವಳ ಆ ಸಾಲು ಬಾಯಿಂದ ಹೊರಬಿದ್ದ ಮೇಲೆ.

ಹಮಾಲರ ಕಣ್ಣೆಲ್ಲ ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಬೀರಲಿಂಗಪ್ಪನ ಕಡೆಗೆ ತಿರುಗಿದವು. ಆಮೇಲೆ ಗಂಗಪ್ಪ ಎಂಬ ಹಮಾಲ ನಕ್ಕ. "ಬೀರಣ್ಣ, ನೀ ಬೆವರ ಸುರಿಸಿ ಹೊಡ್ಯಾಕತ್ತೀದಿ, ಆಕಿ ಪುಟ ತಿರುವ್ಯಾಕತ್ತಾಳ."

ನಗೆ ಇಡೀ ಅಂಗಡಿಗೆ ಹಬ್ಬಿತು. ಬೀರಲಿಂಗಪ್ಪ ಕೈಯಲ್ಲಿದ್ದ ಚಹಾದ ಗ್ಲಾಸನ್ನು ಗಂಗಪ್ಪನ ಹಣೆಗೆ ಅಪ್ಪಳಿಸಿದ. ಗಾಜು ಒಡೆದು ಹುಬ್ಬಿನಿಂದ ಗದ್ದದವರೆಗೆ ರಕ್ತ ಇಳಿಯಿತು. ಬಿಡಿಸಲು ಬಂದವನ ಹೊಟ್ಟೆಗೆ ಒದ್ದ. ಹೆಂಡತಿಯನ್ನು ಹೊಡೆಯುತ್ತಾನೆ ಎಂಬುದು ಊರಿಗೆ ಗೊತ್ತಿದ್ದದ್ದರಿಂದ ಅವನಿಗೆ ಎಂದೂ ನಾಚಿಕೆಯಾಗಿರಲಿಲ್ಲ. ಹೊಡೆತ ಅವಳಿಗೆ ತಟ್ಟುತ್ತಿಲ್ಲ ಎಂಬುದು ಊರಿಗೆ ಗೊತ್ತಾದದ್ದನ್ನು ಅವನು ತಾಳಲಾರದೆ ಹೋದ. ಸೀದಾ ಶೆಡ್ಡಿಗೆ ನಡೆದ.

ಈರವ್ವ ಹೆಸರುಕಾಳಿನ ರಾಶಿಯ ಪಕ್ಕ ಕೂತು ಕೇರುತ್ತಿದ್ದಳು. ಅವನು ಅವಳ ತುರುಬು ಹಿಡಿದು ಎಬ್ಬಿಸಿ ರಾಶಿಯ ಮೇಲೆ ಕೆಡವಿದ. ಮೊದಲ ಒದೆ ಪಕ್ಕೆಲುಬಿಗೆ ಬಿತ್ತು, ಎರಡನೇದು ಬೆನ್ನಿಗೆ. ಹನ್ನೊಂದು ಹೆಂಗಸರು ಮೊರ ಹಿಡಿದವರು ಹಿಡಿದಂತೆಯೇ ಕೂತರು.

"ಹೇಳ," ಎಂದ ಬೀರಲಿಂಗಪ್ಪ, ಮಂಡಿಯಿಂದ ಅವಳ ಎದೆಯನ್ನು ಅದುಮಿ. "ಮುಂದಿನ ಅಧ್ಯಾಯದಾಗ ಏನೈತಿ ಹೇಳ."

ಮುಖಕ್ಕೆ ಗುದ್ದಿದ. ಮತ್ತೆ ಕೇಳಿದ. ಮತ್ತೆ ಗುದ್ದಿದ. ಇಪ್ಪತ್ತೆರಡು ವರ್ಷದಲ್ಲಿ ಅವನು ಪುಸ್ತಕದೊಳಗೆ ಏನಿದೆ ಎಂದು ಕೇಳಿದ್ದು ಅದೇ ಮೊದಲು. ಆಗ ಓದುತ್ತಿದ್ದ ಕಾದಂಬರಿಯಲ್ಲಿ ಗಂಡ ಸತ್ತವಳೊಬ್ಬಳು ಒಬ್ಬಳೇ ಎಣ್ಣೆಯ ಗಾಣ ನಡೆಸುತ್ತಿದ್ದಳು. ಈರವ್ವ ರಕ್ತ ಉಗುಳಿ, ಮಧ್ಯಾಹ್ನ ಓದುವ ಅದೇ ದನಿಯಲ್ಲಿ ಹೇಳಿದಳು:

"ಗಾಣಕ್ಕ ಬೆಂಕಿ ಹತ್ತತೈತಿ. ಆಕಿ ಸಾಯೂದಿಲ್ಲ."

ಅದಕ್ಕೆ ಬಿದ್ದ ಗುದ್ದಿಗೆ ಅವಳ ದವಡೆ ಮುರಿಯಿತು. ಮೊರ ಹಿಡಿದು ಕೂತವರಿಗೂ ಕೇಳಿಸುವಷ್ಟು ಸಪ್ಪಳವಾಯಿತು. ಹೊಡೆದವನು ಎದ್ದು ನಿಂತು, ಕೈ ನೋವಾಯಿತೆಂದು ಕೊಡವಿಕೊಂಡು, ಹೊರಡಲು ತಿರುಗಿದ. ಈ ಸಲ ಈರವ್ವ ಎಲ್ಲಿಗೂ ಹೋಗಿರಲಿಲ್ಲ. ಮೈಯೊಳಗೇ ಇದ್ದಳು, ಒಂದೊಂದು ಗುದ್ದಿನ ನೋವೂ ಅವಳಿಗೆ ಗೊತ್ತಾಗಿತ್ತು. ಶೆಡ್ಡಿನ ಬಾಗಿಲಿಗೆ ಅಡ್ಡ ಕೊಡುವ ಕಬ್ಬಿಣದ ಪಟ್ಟಿ ಗೋಡೆಗೆ ಆನಿಸಿತ್ತು. ಎದ್ದು ಅದನ್ನು ಎರಡೂ ಕೈಯಿಂದ ಎತ್ತಿ ಅವನ ಬಲಮೊಣಕಾಲಿಗೆ ಹಾಕಿದಳು. ಅವನು ಬಿದ್ದ. ಬಿದ್ದ ಮೇಲೆ ಅದೇ ಮೊಣಕಾಲಿಗೆ ಇನ್ನೊಮ್ಮೆ ಹಾಕಿದಳು. ಅವನು ಬ್ಯಾಡ ಎಂದ. ಮತ್ತೊಮ್ಮೆ ಹಾಕಿದಳು. ಅವನನ್ನು ತಡೆಯದಿದ್ದ ಹನ್ನೊಂದು ಜನ ಅವಳನ್ನೂ ತಡೆಯಲಿಲ್ಲ.

ಗಂಡ ಹೆಂಡತಿ ಇಬ್ಬರೂ ಒಂದೇ ಸರಕಾರಿ ದವಾಖಾನೆಗೆ ಸೇರಿದರು, ಬೇರೆ ಬೇರೆ ವಾರ್ಡಿಗೆ. ಅವನ ಮೊಣಕಾಲ ಚಿಪ್ಪು ಚೂರಾಗಿತ್ತು. ಇನ್ನು ಚೀಲ ಹೊರುವುದು ಆಗದು ಎಂದರು ಡಾಕ್ಟರು. ಅವಳ ಮೇಲಿನ ಕೆಳಗಿನ ಹಲ್ಲುಗಳನ್ನು ತಂತಿಯಿಂದ ಬಿಗಿದರು. ಆರು ವಾರ ಬಾಯಿ ತೆರೆಯುವಂತಿಲ್ಲ, ಗಂಜಿಯನ್ನು ನಳಿಗೆಯಲ್ಲಿ ಹೀರಬೇಕು. ಶೆಡ್ಡಿನ ಹನ್ನೊಂದು ಹೆಂಗಸರು ಪೊಲೀಸರ ಮುಂದೆ ಒಂದೇ ಮಾತು ಹೇಳಿದ್ದರು: ಹೊಡೆದು ತಿರುಗುವಾಗ ಕಾಳಿನ ಮೇಲೆ ಕಾಲು ಜಾರಿ ಕಬ್ಬಿಣದ ಮೇಲೆ ಬಿದ್ದ. ಶರಣವ್ವ ಅದನ್ನು ಆಣೆ ಮಾಡಿ ಹೇಳಿದ್ದಳು.

ಉಳಿದದ್ದು ಈರವ್ವನ ಹೇಳಿಕೆ. ಜಯಮಾಲಾ ಎಂಬ ಪೊಲೀಸಿನವಳು ಬಂದು, ಮಾತು ಬಾರದವಳ ಕೈಗೆ ಕಾಗದ ಪೆನ್ನು ಕೊಟ್ಟಳು. ಅದುವರೆಗೆ ಬೇರೆಯವರು ಬರೆದದ್ದನ್ನು ಓದಿದವಳು ಅಂದು ತಾನೇ ಬರೆದಳು. ಮೂರು ಪುಟವಾಯಿತು. ಮೊದಲ ಹಲ್ಲಿನಿಂದ ಶುರುಮಾಡಿ ಕಬ್ಬಿಣದ ಪಟ್ಟಿಯ ತನಕ ಬರೆದಳು. ಉಳಿದ ಹೆಂಗಸರು ಕಾಳು ನೋಡುತ್ತಿದ್ದರು, ಅವರಿಗೆ ಏನೂ ಕಂಡಿಲ್ಲ ಎಂದೂ ಸೇರಿಸಿದಳು.

ಚಿನ್ಮಯೀ ಮಂಚದ ಪಕ್ಕದಲ್ಲೇ ಇದ್ದಳು. ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ, ಕ್ಷಮೆ ಕೇಳಲು ಮಾತು ಹುಡುಕುತ್ತಿದ್ದಳು. ಹಾಳೆಗಳನ್ನು ಓದಿ ಮೂರನೇ ಪುಟದ ಮೇಲೆ ಕೈಯಿಟ್ಟಳು.

"ಈರಕ್ಕ, ಮೊದಲನೇ ಏಟು ಇರಲಿ. ವಕೀಲರು ಅದನ್ನ ಜೀವ ಉಳಿಸಿಕೊಳ್ಳಲಿಕ್ಕೆ ಹೊಡದದ್ದು ಅಂತಾರ. ಎರಡನೇದು, ಮೂರನೇದು ಬ್ಯಾಡ. ಅಂವ ಬಿದ್ದಿದ್ದ, ಗೊತ್ತಿದ್ದೂ ಹೊಡದೆ ಅಂತ ಬರದೀರಿ. ನಿಮ್ಮನ್ನ ಒಳಗ ಹಾಕ್ತಾರ. ನನ್ನಿಂದ ಇಷ್ಟು ಆದದ್ದು ಸಾಕು, ಆ ಎರಡು ಸಾಲು ತಗದುಬಿಡ್ರಿ."

ಈರವ್ವನಿಗೆ ಸಿಟ್ಟಿತ್ತು. ಆದರೂ ಈ ಹುಡುಗಿ ತನ್ನ ಮಾತನ್ನು ಕಿವಿಗೊಟ್ಟು ಕೇಳಿದ ಮೊದಲನೆಯವಳು ಎಂಬುದನ್ನು ಮರೆತಿರಲಿಲ್ಲ. ಬೇರೆ ಹಾಳೆ ತೆಗೆದುಕೊಂಡು ಬರೆದು ತೋರಿಸಿದಳು:

"ಪೇಪರದಾಗ ಹೊಡತಾ ತಿಂದಾಕಿ ಬಂದಾಳ. ಹೊಡದಾಕಿ ಬಂದಿಲ್ಲ."

ಚಿನ್ಮಯೀ ಮೂರೂ ಹಾಳೆಗಳನ್ನು ಜೋಡಿಸಿ ಜಯಮಾಲಾಳ ಕೈಗೆ ಕೊಟ್ಟಳು.

ಕೊಟ್ಟ ಹೇಳಿಕೆಯನ್ನು ಕೊಟ್ಟವರಿಗೇ ಓದಿ ಹೇಳಿ ಸಹಿ ಮಾಡಿಸಿಕೊಳ್ಳುವುದು ಜಯಮಾಲಾಳ ಪದ್ಧತಿ. ಅವಳು ಸ್ಟೂಲಿನ ಮೇಲೆ ಕೂತು ಓದತೊಡಗಿದಳು. ಶಾಲೆ ಬಿಟ್ಟಾಗಿನಿಂದ ಈರವ್ವನಿಗೆ ಯಾರೂ ಏನನ್ನೂ ಓದಿ ಹೇಳಿರಲಿಲ್ಲ. ಅವಳು ದಿಂಬಿಗೆ ಒರಗಿ ಕಣ್ಣು ಮುಚ್ಚಿ ಕೇಳಿದಳು. ಪಕ್ಕದ ಮಂಚದವರೂ, ಊಟದ ಡಬ್ಬಿ ತಂದವರೂ ಕಿವಿ ಈ ಕಡೆ ಕೊಟ್ಟರು. ಉಪ್ಪಿನ ಹಲ್ಲು, ಹಾಲಿನ ಹಲ್ಲು, ಬಸುರಿದ್ದಾಗ ಬಿದ್ದ ಒದೆ, ಎಲ್ಲವೂ ಬಂತು. ಕಬ್ಬಿಣದ ಪಟ್ಟಿಗೆ ಬಂದಾಗ ಜಯಮಾಲಾ ದನಿ ತಗ್ಗಿಸಿ, ಸುತ್ತ ನೋಡಿ, ಕೊನೆಯ ಎರಡು ಏಟನ್ನು ಒಳಗೊಳಗೇ ಓದಿ ಮುಗಿಸಿದಳು.

"ಬರೋಬ್ಬರಿ ಐತೇನಬೇ?" ಎಂದು ಕೇಳಿ ಪೆನ್ನು ಮುಂದೆ ಹಿಡಿದಳು.

ಈರವ್ವ ಪೆನ್ನು ತೆಗೆದುಕೊಳ್ಳಲಿಲ್ಲ. ಆ ಎರಡು ಸಾಲಿನ ಮೇಲೆ ಬೆರಳಿಟ್ಟು, ಗಟ್ಟಿಯಾಗಿ ಎಂದು ಸನ್ನೆ ಮಾಡಿದಳು. ಜಯಮಾಲಾ ವಾರ್ಡಿಗೆಲ್ಲ ಕೇಳಿಸುವ ಹಾಗೆ ಓದಿದಳು. ಆಮೇಲೆ ಈರವ್ವ ಸಹಿ ಮಾಡಿದಳು.